ಶಾಲು ಸಾಕು, ಸಂಭಾವನೆ ಕೊಡಿ

ಓದುಗರ ಪ್ರಶ್ನೆಗಳು

ಸರ್ಕಾರದ ಆಸರೆಯಿಲ್ಲದೆ, ಕಂಪನಿಗಳ ಪ್ರಾಯೋಜನೆಯಿಲ್ಲದೆ ಊರವರೇ ಸೇರಿ ನಡೆಸುವ ಸಂಗೀತೋತ್ಸವ, ಕಲಾಹಬ್ಬಗಳ ಕುರಿತು ಪ್ರಶ್ನೆ ಕಳುಹಿಸಿ ಎಂದು ಕೇಳಿದ್ದೆವು. ಉತ್ತರಿಸಿದವರು ಧಾರವಾಡದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ. ತಮ್ಮ ಬಡಾವಣೆಯ ಉತ್ಸವದ ಖಜಾಂಚಿ. ತಮ್ಮ ಹೆಸರಾಗಲಿ ಉತ್ಸವದ ಹೆಸರಾಗಲಿ ಬೇಡವೆಂದಿದ್ದಾರೆ: “ಜಾಹೀರಾತು ಎಂದುಕೊಂಡಾರು.”

*

ಅಕ್ಕಾವರೇ, ನಾವು ಏಳೆಂಟು ಗೆಳೆಯರು ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ ಸಂಗೀತ, ಚಿತ್ರಕಲೆ, ನಾಟಕ ಸೇರಿಸಿ ಮೂರು ದಿನಗಳ ಹಬ್ಬ ಮಾಡಬೇಕೆಂದಿದ್ದೇವೆ. ಉತ್ಸಾಹವಿದೆ, ಹಣವಿಲ್ಲ. ಎಲ್ಲಿಂದ ಶುರು ಮಾಡಬೇಕು?
— ಓದುಗರು, ಬ್ಯಾಡಗಿ

ಆ “ಮೂರು ದಿನ” ಎಂಬುದನ್ನು ಹೊಡೆದುಹಾಕುವುದರಿಂದ. ಒಂದು ಸಂಜೆ, ಇಬ್ಬರು ಕಲಾವಿದರು, ನಾಲ್ಕು ಜಮಖಾನ. ಅಷ್ಟನ್ನು ಸಾಲವಿಲ್ಲದೆ ಮುಗಿಸಿ, ಮರುವರ್ಷ ಎರಡು ಸಂಜೆಯ ಮಾತಾಡಿ. ಮೊದಲ ವರ್ಷವೇ ಮೂರು ದಿನ ಮೆರೆದ ಅನೇಕ ಸಂಘಗಳನ್ನು ಬಲ್ಲೆ. ಅವುಗಳ ಎರಡನೆಯ ವರ್ಷವನ್ನು ಮಾತ್ರ ಕಂಡಿಲ್ಲ.

ನಿಮ್ಮೂರಿನ ಸ್ಟೇಷನ್ನಿನಲ್ಲಿ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಹತ್ತಿದರೆ ದಾರಿಯಲ್ಲಿ ಕುಂದಗೋಳ ಸಿಗುತ್ತದೆ. ಒಮ್ಮೆ ಇಳಿದು ನಾಡಗೀರರ ವಾಡೆಯನ್ನು ನೋಡಿ ಬನ್ನಿ. ಹಿಂದೂಸ್ತಾನಿ ಸಂಗೀತದಲ್ಲಿ ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನರು ಬಂದು ಇಳಿದುಕೊಳ್ಳುತ್ತಿದ್ದ ಮನೆ ಅದು. ಅವರ ಶಿಷ್ಯ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡರು. ಗುರುವಿನ ನೆನಪಿಗೆ ಶಿಷ್ಯರು ಎರಡು ಕಡೆ ಹಾಡತೊಡಗಿದರು. ಪುಣೆಯಲ್ಲಿ 1953ರಿಂದ ನಡೆದದ್ದನ್ನು ಭೀಮಸೇನ ಜೋಶಿಯವರು ಬೆಳೆಸಿದರು. ಈಗ ಅದು ಸಾವಿರಾರು ಜನ ಟಿಕೆಟ್ ಕೊಂಡು ಬರುವ ಮಹೋತ್ಸವ. ಕುಂದಗೋಳದಲ್ಲಿ ಗಂಗೂಬಾಯಿ ಹಾನಗಲ್ಲರ ಮುತುವರ್ಜಿಯಿಂದ ಉಳಿದು ಬಂದದ್ದು ವಾಡೆಯೊಳಗೆ ನೆಲದ ಮೇಲೆ ಕುಳಿತು ರಾತ್ರಿಯೆಲ್ಲ ಕೇಳುವ ಮೈಫಿಲು. ಎರಡರಲ್ಲಿ ದೊಡ್ಡದು ಯಾವುದೆಂದು ಕೇಳಿದರೆ ಹೇಳುವುದು ಸುಲಭ. ಯಾವುದು ಹೆಚ್ಚು ಎಂದು ಕೇಳಿದರೆ ಧಾರವಾಡದ ಕಡೆಯವರು ಜಗಳಕ್ಕೆ ಕೂರುತ್ತೇವೆ.

ಬೆಂಗಳೂರಿನ ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ಮಾತೂ ಹಾಗೆಯೇ. 1939ರಲ್ಲಿ ಅದನ್ನು ಶುರು ಮಾಡಿದಾಗ ಎಸ್.ವಿ. ನಾರಾಯಣಸ್ವಾಮಿ ರಾವ್ ಇನ್ನೂ ಹುಡುಗ. ಮುಂದೆ ಅದು ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರಕ್ಕೆ ಬಂತು, ರಾಮನವಮಿಯ ಹೊತ್ತಿಗೆ ವಾರಗಟ್ಟಲೆ ನಡೆಯುವ ಉತ್ಸವವಾಯಿತು, ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಅಲ್ಲಿ ಹಾಡಿದರು. ಇಂಥದ್ದು ಯಾವುದೂ ಯೋಜನಾ ವರದಿಯಿಂದ ಹುಟ್ಟಿದ್ದಲ್ಲ. ಹಾಗಾಗಿ ನನ್ನ ಮರುಪ್ರಶ್ನೆ: ನಿಮ್ಮ ಊರಿನಲ್ಲಿ ಯಾರ ನೆನಪು ಇನ್ನೂ ಉಳಿದಿದೆ? ಒಬ್ಬ ಭಜನೆಯ ಮಾಸ್ತರು, ಕಂಪನಿ ನಾಟಕದ ಹಾರ್ಮೋನಿಯಂ ವಾದಕರು, ಶಾಲೆಯ ಗೋಡೆಗೆ ಚಿತ್ರ ಬರೆದ ಡ್ರಾಯಿಂಗ್ ಮೇಷ್ಟ್ರು. ಅವರ ಹೆಸರಿನಲ್ಲಿ ಕರೆದರೆ ಜನ ಬರುತ್ತಾರೆ. “ಸಾಂಸ್ಕೃತಿಕ ಉತ್ಸವ” ಎಂದು ಕರೆದರೆ ಕುರ್ಚಿಗಳು ಬರುತ್ತವೆ.

ಇನ್ನು ಕಾಗದಪತ್ರ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ನೀವು ಏಳೆಂಟು ಜನ ಇದ್ದೀರಿ, ಜಗಳವಾಡಿ ಇಬ್ಬರನ್ನು ಕಳೆದುಕೊಳ್ಳುವ ಮೊದಲು ನೋಂದಾಯಿಸಿಕೊಳ್ಳಿ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಇಬ್ಬರ ಸಹಿ. ಕ್ಯೂಆರ್ ಕೋಡ್ ಆ ಖಾತೆಯದ್ದೇ ಆಗಿರಲಿ. ಕಾರ್ಯದರ್ಶಿಯ ಸ್ವಂತ ಮೊಬೈಲಿಗೆ ದೇಣಿಗೆ ಬೀಳತೊಡಗಿದ ದಿನ ಸಂಘದಲ್ಲಿ ಪಿಸುಮಾತು ಶುರುವಾಗುತ್ತದೆ. ಅವನು ಎಷ್ಟೇ ಪ್ರಾಮಾಣಿಕನಾಗಿರಲಿ, ಆ ಪಿಸುಮಾತು ನಿಲ್ಲುವುದಿಲ್ಲ.

*

ಮೇಡಂ, ನಾನು ತಬಲಾ ಸಾಥಿದಾರ, ಗಾಯಕರ ಜೊತೆಗೆ ಕೂತು ನುಡಿಸುವವನು. ಉತ್ಸವದವರು ಫೋನ್ ಮಾಡಿ “ನಮ್ಮದು ಸೇವೆ, ಎಲ್ಲರೂ ಸ್ವಯಂಸೇವಕರು, ನಿಮಗೂ ಒಳ್ಳೆಯ ವೇದಿಕೆ” ಎನ್ನುತ್ತಾರೆ. ಹೋದರೆ ಶಾಲು, ಹಾರ, ಸ್ಮರಣಿಕೆ. ಬಸ್ ಚಾರ್ಜ್ ಕೂಡ ಕೇಳಿ ಪಡೆಯಬೇಕು. ಬೇಡವೆಂದರೆ “ದೊಡ್ಡವನಾಗಿಬಿಟ್ಟ” ಎಂಬ ಮಾತು. ಏನು ಮಾಡಲಿ?
— ಓದುಗರು, ಗದಗ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಸಿಟ್ಟು ಇನ್ನೂ ಹೆಚ್ಚಾಯಿತು.

ಸ್ವಯಂಸೇವಕರು ಯಾರು ಎಂಬುದು ಸ್ಪಷ್ಟವಾಗಿರಬೇಕು. ಉತ್ಸವ ನಡೆಯಬೇಕು ಎಂದು ಬಯಸಿದವರು ನಾವು. ಆದ್ದರಿಂದ ದುಡ್ಡಿಲ್ಲದೆ ದುಡಿಯುವವರು ನಾವು. ಜಮಖಾನ ಜಾಡಿಸುವುದು, ಚಪ್ಪಲಿ ಕಾಯುವುದು, ಬೆಳಗಿನ ಜಾವ ಸ್ಟೇಷನ್ನಿಗೆ ಹೋಗಿ ಕಲಾವಿದರನ್ನು ಕರೆತರುವುದು ನಮ್ಮ ಸೇವೆ. ತಬಲಾ ಬಾರಿಸುವುದು ನಿಮ್ಮ ಕಸುಬು. ಶಾಮಿಯಾನದವನನ್ನು “ನಮ್ಮದು ಸೇವೆ, ಕಂಬ ನೆಡಲು ಒಳ್ಳೆಯ ಮೈದಾನ ಕೊಡುತ್ತೇವೆ” ಎಂದು ಯಾರೂ ಕರೆಯುವುದಿಲ್ಲ. ಅವನು ಮುಂಗಡ ಸಿಗದೆ ಗೂಟ ಹೊಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕಲಾವಿದ ಮಾತ್ರ ಸಂಕೋಚದ ಪ್ರಾಣಿ. ನಮ್ಮ ಬಹುತೇಕ “ಸ್ವತಂತ್ರ” ಉತ್ಸವಗಳು ನಿಂತಿರುವುದು ಆ ಸಂಕೋಚದ ಮೇಲೆ. ಕಂಪನಿಗಳ ಹಂಗು ಬೇಡವೆಂದು ಬೀಗುತ್ತೇವೆ, ಆದರೆ ಸಾಥಿದಾರನ ಮನೆಯ ರೇಷನ್ನಿನಿಂದ ಪ್ರಾಯೋಜನೆ ಪಡೆಯುತ್ತೇವೆ. ಖಜಾಂಚಿಯಾಗಿ ಹೇಳುವುದಾದರೆ ಅದನ್ನು ದೇಣಿಗೆ ಎಂದು ಬರೆದುಕೊಂಡು ನಿಮಗೆ ರಸೀದಿ ಕೊಡಬೇಕು.

ನಮ್ಮ ಉತ್ಸವದಲ್ಲಿ ಆಯವ್ಯಯ ಬರೆಯುವಾಗ ನಾನು ಮೇಲಿನ ಸಾಲಿನಲ್ಲಿ ಬರೆಯುವುದು ಸಾಥಿದಾರರನ್ನು: ತಬಲಾ, ಹಾರ್ಮೋನಿಯಂ, ತಂಬೂರಿಗೆ ಕೂರುವ ಹುಡುಗಿ. ಆಮೇಲೆ ಮುಖ್ಯ ಕಲಾವಿದರು, ಆಮೇಲೆ ಮೈಕಿನವರು. ಬ್ಯಾನರ್, ದೀಪಾಲಂಕಾರ, ಆಮಂತ್ರಣ ಪತ್ರಿಕೆ ಕೊನೆಗೆ. ಹಣ ಸಾಲದೆ ಹೋದರೆ ಕೆಳಗಿನಿಂದ ಹೊಡೆಯುತ್ತೇನೆ. ಒಂದು ವರ್ಷ ಹೂವಿನ ಅಲಂಕಾರವೇ ಇರಲಿಲ್ಲ. ಸಂಗೀತ ಕೇಳಲು ಬಂದವರು ಯಾರೂ ಅದನ್ನು ಗಮನಿಸಲಿಲ್ಲ, ಫೋಟೋ ತೆಗೆಸಿಕೊಳ್ಳಲು ಬಂದವರು ಗಮನಿಸಿದರು.

ಸಾಥಿದಾರರ ಹಣವನ್ನು ಮುಖ್ಯ ಗಾಯಕರ ಕೈಗೆ ಕೊಟ್ಟು “ನೀವೇ ಹಂಚಿಕೊಳ್ಳಿ” ಎನ್ನುವ ರೂಢಿಯೂ ಇದೆ. ಅದು ಕೊಡುವವರಿಗೆ ಸುಲಭ, ಪಡೆಯುವವರಿಗೆ ಅವಮಾನ. ಒಬ್ಬೊಬ್ಬರ ಖಾತೆಗೆ ನೇರವಾಗಿ ಹಾಕಿ. ಅದೂ ಅವರು ವೇದಿಕೆಗೆ ಏರುವ ಮೊದಲು. ಕಾರ್ಯಕ್ರಮ ಮುಗಿದು, ಅಧ್ಯಕ್ಷರು ಮನೆಗೆ ಹೋಗಿ, ಖಜಾಂಚಿ ಕಾಣೆಯಾಗಿ, ಕಲಾವಿದರು ತಬಲಾ ಚೀಲ ಹಿಡಿದು ಗೇಟಿನ ಬಳಿ ನಿಂತಿರುವ ದೃಶ್ಯವನ್ನು ಬೇರೆಡೆ ಸಾಕಷ್ಟು ನೋಡಿದ್ದೇನೆ.

ನೀವು ಮಾಡಬೇಕಾದದ್ದು ಇಷ್ಟೇ. ಫೋನ್ ಬಂದಾಗ “ಸಂತೋಷ, ಬರುತ್ತೇನೆ, ವಿವರಗಳನ್ನು ಕಳುಹಿಸುತ್ತೇನೆ” ಎನ್ನಿ. ಆಮೇಲೆ ಮೂರು ಸಾಲು ಬರೆದು ಕಳುಹಿಸಿ: ನನ್ನ ಸಂಭಾವನೆ ಇಷ್ಟು, ಪ್ರಯಾಣದ ಖರ್ಚು ಪ್ರತ್ಯೇಕ, ರಾತ್ರಿ ತಡವಾದರೆ ಉಳಿಯುವ ವ್ಯವಸ್ಥೆ. ಬಾಯಿಯಲ್ಲಿ ಹೇಳಲು ನಾಚಿಕೆಯಾಗುವುದು ಬರಹದಲ್ಲಿ ಆಗುವುದಿಲ್ಲ. ನಿಜವಾಗಿ ಬಡ ಉತ್ಸವವಾದರೆ “ಇಷ್ಟು ಮಾತ್ರ ಸಾಧ್ಯ” ಎಂದು ಒಂದು ಅಂಕಿಯನ್ನು ಹೇಳುತ್ತಾರೆ. ಅಂಥವರ ಜೊತೆ ಮಾತಾಡಬಹುದು, ಕಡಿಮೆಗೂ ಹೋಗಬಹುದು. ಅಂಕಿಯನ್ನೇ ಹೇಳದೆ ಸೇವೆಯ ಮಾತಾಡುವವರ ಬಳಿ ಹೋಗಬೇಡಿ. ದೊಡ್ಡವನಾಗಿಬಿಟ್ಟ ಎಂದರೆ ಎನ್ನಲಿ. ವೀರೇಶ್ವರ ಪುಣ್ಯಾಶ್ರಮ ಇರುವ ಊರಿನವರು ನೀವು. ಅಂಧ ಮಕ್ಕಳು ಸಂಗೀತ ಕಲಿತು ತಮ್ಮ ಅನ್ನವನ್ನು ತಾವೇ ದುಡಿದುಕೊಳ್ಳುವಂತೆ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಜೀವ ತೇಯ್ದರು. ಕಲಿತ ವಿದ್ಯೆಗೆ ಕೂಲಿ ಕೇಳುವುದು ಸಂಸ್ಕೃತಿಗೆ ವಿರುದ್ಧ ಎನ್ನುವವರಿಗೆ ಆ ಆಶ್ರಮದ ದಾರಿ ತೋರಿಸಿ.

*

ಒಬ್ಬ ಗಣ್ಯರು ಒಂದು ಲಕ್ಷ ಕೊಡುತ್ತೇವೆ ಎಂದಿದ್ದಾರೆ. ವೇದಿಕೆಯ ಹಿಂದಿನ ಪರದೆಯಲ್ಲಿ ಅವರ ಭಾವಚಿತ್ರ ಇರಬೇಕು, ಉದ್ಘಾಟನೆಯಲ್ಲಿ ಅವರು ಮಾತಾಡಬೇಕು. ನಮ್ಮ ಒಟ್ಟು ಖರ್ಚೇ ಒಂದೂವರೆ ಲಕ್ಷ. ಒಪ್ಪಬಹುದೇ?
— ಓದುಗರು, ಗೋಕಾಕ

ಒಂದೂವರೆಯಲ್ಲಿ ಒಂದು ಲಕ್ಷ ಅವರದಾದರೆ ಅದು ಅವರ ಉತ್ಸವ. ನೀವು ಅದರ ಸಿಬ್ಬಂದಿ. ಮುಂದಿನ ವರ್ಷ ಅವರ ಮಗಳ ನೃತ್ಯ ಇರುತ್ತದೆ, ಅದರ ಮುಂದಿನ ವರ್ಷ ಚುನಾವಣೆ.

ಯಾರೊಬ್ಬರ ಹಣವೂ ಒಟ್ಟು ಖರ್ಚಿನ ಕಾಲು ಭಾಗವನ್ನು ಮೀರಬಾರದು ಎಂದು ನಮ್ಮಲ್ಲಿ ಕಟ್ಟು ಮಾಡಿಕೊಂಡಿದ್ದೇವೆ. ಉಳಿದದ್ದು ರಸೀದಿ ಪುಸ್ತಕ ಹಿಡಿದು ಮನೆ ಮನೆ ಹತ್ತಿ ತಂದದ್ದು. ಇದು ಬೇಸರದ ಕೆಲಸ. ಒಂದು ಮನೆಯಲ್ಲಿ ನಾಯಿ, ಇನ್ನೊಂದರಲ್ಲಿ “ಯಜಮಾನರು ಇಲ್ಲ”. ಆದರೆ ನೂರು ರೂಪಾಯಿ ಕೊಟ್ಟವರು ತಮ್ಮ ನೂರು ರೂಪಾಯಿ ಏನು ಮಾಡುತ್ತಿದೆ ಎಂದು ನೋಡಲಾದರೂ ಬಂದು ಕೂರುತ್ತಾರೆ. ಲಕ್ಷ ಕೊಟ್ಟವರು ದೀಪ ಹಚ್ಚಿ ಹೊರಡುತ್ತಾರೆ. ಒಂದು ಕಚೇರಿ ಮಾತು ಇಲ್ಲೇ ಹೇಳಿಬಿಡುತ್ತೇನೆ: ನಿಮ್ಮ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಇದ್ದರೂ ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ದೊಡ್ಡ ಮೊತ್ತವನ್ನು ಚೆಕ್ಕಿನಲ್ಲೋ ಖಾತೆಯ ಮೂಲಕವೋ ಪಡೆಯಿರಿ.

ಭಾಷಣದ ವಿಷಯ. ನಮ್ಮ ನಾಡಿನ ಸಂಗೀತ ಸಭೆಗಳನ್ನು ಕೊಂದದ್ದು ಬೇಸುರಲ್ಲ, ಸಭಾ ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಉದ್ಘಾಟಕರ ನುಡಿ, ಮುಖ್ಯ ಅತಿಥಿ, ಗೌರವ ಅತಿಥಿ, ಸನ್ಮಾನ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ಅಷ್ಟರಲ್ಲಿ ಸಂಜೆಯ ರಾಗ ಪೂರಿಯಾ ಹಾಡಬೇಕಾದವರು ತಡರಾತ್ರಿಯ ಬಾಗೇಶ್ರೀಯ ಹೊತ್ತಿಗೆ ಕೂರುತ್ತಾರೆ. ಇದಕ್ಕೆ ನಾವು ಕಂಡುಕೊಂಡ ಉಪಾಯ: ವೇದಿಕೆಯ ಮೇಲೆ ಕುರ್ಚಿ ಇಡುವುದಿಲ್ಲ, ಪೋಡಿಯಂ ಇಡುವುದಿಲ್ಲ. ಅತಿಥಿಗಳು ಕೇಳುಗರ ನಡುವಿನಿಂದ ಎದ್ದು ಬಂದು, ದೀಪ ಹಚ್ಚಿ, ನಿಂತುಕೊಂಡು ನಾಲ್ಕು ಮಾತಾಡಿ, ಹೋಗಿ ಜಮಖಾನದ ಮೇಲೆ ಕೂರುತ್ತಾರೆ. ಆ ಹೊತ್ತಿಗೆ ತಂಬೂರಿ ಶ್ರುತಿಯಾಗಿರುತ್ತದೆ, ಕಲಾವಿದರು ಪಕ್ಕದಲ್ಲೇ ಕಾಯುತ್ತಿರುತ್ತಾರೆ. ಕೈ ಊರಲು ಪೋಡಿಯಂ ಇಲ್ಲದಿದ್ದರೆ ಮನುಷ್ಯ ಹೆಚ್ಚು ಹೊತ್ತು ಮಾತಾಡಲಾರ. ನಿಮ್ಮ ಗಣ್ಯರಿಗೂ ಇದನ್ನು ಹೇಳಿ. ಮೂವತ್ತು ಸಾವಿರ ಕೊಡಲಿ, ಕೂತು ಕೇಳಲಿ.

*

ನಮ್ಮ ಉತ್ಸವ ರಾತ್ರಿಯಿಡೀ ನಡೆಯುತ್ತಿತ್ತು. ಈಗ ಹತ್ತು ಗಂಟೆಗೆ ಪೊಲೀಸರು ಬಂದು ಮೈಕ್ ನಿಲ್ಲಿಸಿ ಎನ್ನುತ್ತಾರೆ. ಶಾಸ್ತ್ರೀಯ ಸಂಗೀತವನ್ನೂ ಡಿಜೆಯನ್ನೂ ಒಂದೇ ಎಂದರೆ ಹೇಗೆ?
— ಓದುಗರು, ದಾವಣಗೆರೆ

ಕಾನೂನು ರಾಗ ಕೇಳುವುದಿಲ್ಲ, ಡೆಸಿಬಲ್ ಕೇಳುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಬಳಸುವಂತೆಯೇ ಇಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗಾಗಿ ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿ ಹನ್ನೆರಡರವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆದರೆ ಆ ದಿನಗಳನ್ನು ಆರಿಸುವವರು ನೀವಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಗೆ 45. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತಲಿನ ನೂರು ಮೀಟರು ಮೌನ ವಲಯವೆಂದು ಘೋಷಿತವಾಗಿದ್ದರೆ ಅಲ್ಲಿ ಇನ್ನೂ ಬಿಗಿ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದ ಒಳಗೆ ರಾತ್ರಿಯೂ ಬಳಸಬಹುದು, ಅಲ್ಲಿ ಒಳಗಿನ ಶಬ್ದ ಒಳಗೇ ಇರಬೇಕು.

ನಿಮ್ಮ ದುಃಖ ನನಗೆ ತಿಳಿಯುತ್ತದೆ. ಪುಣೆಯ ಸವಾಯಿ ಗಂಧರ್ವ ಉತ್ಸವವೂ ರಾತ್ರಿಯಿಡೀ ನಡೆಯುತ್ತಿದ್ದದ್ದು, ಈ ನಿಯಮದಿಂದಾಗಿ ವೇಳೆಯನ್ನು ಬದಲಿಸಿಕೊಂಡಿತು. ನಡುರಾತ್ರಿ ದಾಟಿದ ಮೇಲಿನ ರಾಗಗಳಿಗೆ, ಬೆಳಗಿನ ಜಾವದ ಲಲಿತ, ಭಟಿಯಾರಕ್ಕೆ ಸಂಜೆಯ ಕಛೇರಿಯಲ್ಲಿ ಜಾಗವೇ ಇಲ್ಲ. ಅದು ದೊಡ್ಡ ನಷ್ಟ. ಆದರೆ ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ, ಪಿಯುಸಿ ಪರೀಕ್ಷೆಗೆ ಓದುವ ಹುಡುಗನಿದ್ದಾನೆ. ನಾನು ಅವರ ಕಡೆ.

ನಾವು ಮಾಡಿದ್ದು: ಭಾನುವಾರ ಬೆಳಗ್ಗೆ ಆರಕ್ಕೆ ಒಂದು ಬೈಠಕ್. ತೋಡಿ, ಆಸಾವರಿ, ಆಮೇಲೆ ಉಪ್ಪಿಟ್ಟು. ರಾತ್ರಿಯ ರಾಗಗಳಿಗೆ ಒಬ್ಬರ ಮನೆಯ ಪಡಸಾಲೆ, ಮೈಕಿಲ್ಲ, ಐವತ್ತು ಜನ. ಮೈಕಿಲ್ಲದೆ ಹಾಡುವುದನ್ನು ಎಳೆಯ ಗಾಯಕರು ಮರೆತಿದ್ದಾರೆ. ಮೊದಲ ಹತ್ತು ನಿಮಿಷ ಒದ್ದಾಡುತ್ತಾರೆ, ಆಮೇಲೆ ಧ್ವನಿ ಎಲ್ಲಿಂದ ಹೊರಡಬೇಕೋ ಅಲ್ಲಿಂದ ಹೊರಡುತ್ತದೆ. ಬಯಲಿನಲ್ಲಿ ಮಾಡುವಾಗಲೂ ಸ್ಪೀಕರುಗಳನ್ನು ಕೇಳುಗರ ಕಡೆಗೆ ತಗ್ಗಿಸಿ ಇಡಿಸಿ. ಬೀದಿಯ ಕೊನೆಗೆ ಹಾರ್ನ್ ಕಟ್ಟಿಸುವುದು ಪ್ರಚಾರವಲ್ಲ, ಶತ್ರು ಸಂಪಾದನೆ. ಮಿಕ್ಸರ್ ಪಕ್ಕದಲ್ಲಿ ಕಿವಿ ಇರುವ ಒಬ್ಬ ಸ್ವಯಂಸೇವಕ ಕಾರ್ಯಕ್ರಮ ಮುಗಿಯುವವರೆಗೆ ಕುಳಿತಿರಲಿ. ಅವನಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ, ಚಹಾ ತರಲು ಕೂಡ.

*

ನಮ್ಮ ಹಬ್ಬದಲ್ಲಿ ಭಾವಗೀತೆ, ಹಳೆಯ ಸಿನಿಮಾ ಹಾಡು ಹಾಡಿಸುತ್ತೇವೆ. ಪರವಾನಗಿ ಶುಲ್ಕ ಕಟ್ಟಿ ಎಂದು ನೋಟಿಸ್ ಬಂದಿದೆ. ಪ್ರವೇಶ ಉಚಿತ. ಕಟ್ಟಬೇಕೇ?
— ಓದುಗರು, ಶಿವಮೊಗ್ಗ

ಗಾಬರಿಯಾಗಿ ಕಟ್ಟಬೇಡಿ, ಸಿಟ್ಟಾಗಿ ಹರಿಯಲೂ ಬೇಡಿ. ನೋಟಿಸ್ ಕಳುಹಿಸಿದವರನ್ನು ಲಿಖಿತವಾಗಿ ಕೇಳಿ: ಯಾವ ಹಾಡುಗಳು, ಯಾರ ಪರವಾಗಿ, ಯಾವ ಅಧಿಕಾರದಿಂದ? ಹವ್ಯಾಸಿ ಸಂಘವೊಂದು ಹಣ ಕೊಡದ ಪ್ರೇಕ್ಷಕರ ಮುಂದೆ ಹಾಡಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಕೃತಿಸ್ವಾಮ್ಯ ಅಧಿನಿಯಮದ 52ನೆಯ ಕಲಮಿನಲ್ಲೇ ಇದೆ. ನಿಮ್ಮ ಬಡಾವಣೆಯವರೇ ಹಾಡಿ, ಪ್ರವೇಶ ಉಚಿತವಾಗಿದ್ದರೆ ಆ ಕಲಮನ್ನು ತೋರಿಸಿ ಉತ್ತರ ಬರೆಯಬಹುದು. ಸಂಭಾವನೆ ಕೊಟ್ಟು ವೃತ್ತಿ ಗಾಯಕರನ್ನು ಕರೆಸಿದ್ದರೆ ಅಥವಾ ಟಿಕೆಟ್ ಇಟ್ಟಿದ್ದರೆ ಆ ವಿನಾಯಿತಿಯನ್ನು ನಂಬಿ ಕೂರಬೇಡಿ. ಪರವಾನಗಿ ಪಡೆಯಿರಿ, ಅದನ್ನು ಖರ್ಚಿನಲ್ಲಿ ಸೇರಿಸಿ. ಕವಿಗೂ ಕೂಲಿ ಸಿಗಲಿ.

ವಚನ, ದಾಸರ ಪದ, ತತ್ವಪದಗಳ ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಬರೆದವರು ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ನಮ್ಮ ಬೇಂದ್ರೆಯವರು 1981ರಲ್ಲಿ ಹೋದರು, ಹಾಗಾಗಿ 2041 ಮುಗಿಯುವವರೆಗೆ ಅವರ ಕವಿತೆಗಳ ಹಕ್ಕು ಇದೆ. ಕುವೆಂಪು ಅವರದು 2054ರ ಕೊನೆಯವರೆಗೆ. ರಾಗ ಹಾಕಿದವರ ಹಕ್ಕು ಇವೆರಡರಿಂದಲೂ ಬೇರೆ. ಇನ್ನೊಂದು, ಯಾರೂ ಕೇಳದ್ದು: ಕಲಾವಿದರ ಒಪ್ಪಿಗೆ ಇಲ್ಲದೆ ಅವರ ಕಛೇರಿಯನ್ನು ಧ್ವನಿಮುದ್ರಿಸಿ ಯೂಟ್ಯೂಬಿಗೆ ಹಾಕುವಂತಿಲ್ಲ. “ನಿಮಗೂ ಪ್ರಚಾರ ಸಿಗುತ್ತದೆ” ಎನ್ನುವುದು ಒಪ್ಪಿಗೆಯಲ್ಲ.

*

ಉತ್ಸವ ಸಮಿತಿಯಲ್ಲಿ ನಾವು ಎಂಟು ಹೆಂಗಸರಿದ್ದೇವೆ. ರಂಗೋಲಿ, ಆರತಿ, ಅಡುಗೆ, ಅತಿಥಿಗಳಿಗೆ ಹೂಗುಚ್ಛ. ಕಲಾವಿದರನ್ನು ಆರಿಸುವ ಸಭೆಗೆ ಕರೆಯುವುದೇ ಇಲ್ಲ.
— ಓದುಗರು, ವಿಜಯಪುರ

ತಿರುವೈಯಾರಿನ ತ್ಯಾಗರಾಜ ಆರಾಧನೆಯ ಕಥೆಯನ್ನು ಆ ಸಭೆಯಲ್ಲಿ ಓದಿಸಿ. ತ್ಯಾಗರಾಜರ ಸಮಾಧಿ ಹಾಳು ಬಿದ್ದಿತ್ತು. 1920ರ ದಶಕದಲ್ಲಿ ಅಲ್ಲಿ ಗುಡಿ ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ, ನಂಜನಗೂಡಿನಲ್ಲಿ ಹುಟ್ಟಿದ ದೇವದಾಸಿ ಮನೆತನದ ಹೆಣ್ಣುಮಗಳು. ಆದರೆ ಆರಾಧನೆ ನಡೆಸುತ್ತಿದ್ದ ವಿದ್ವಾಂಸರ ಗುಂಪುಗಳು ಹೆಂಗಸರಿಗೆ ಹಾಡಲು ಬಿಡುತ್ತಿರಲಿಲ್ಲ. ನಾಗರತ್ನಮ್ಮ ಅಳುತ್ತ ಕೂರಲಿಲ್ಲ. ಹೆಂಗಸರದೇ ಒಂದು ಗುಂಪು ಕಟ್ಟಿ, ಅದೇ ಸಮಾಧಿಯ ಬಳಿ ತಮ್ಮದೇ ಆರಾಧನೆ ನಡೆಸಿದರು. ಹಲವು ವರ್ಷಗಳ ಜಟಾಪಟಿಯ ನಂತರ, 1940ರ ಹೊತ್ತಿಗೆ ಎಲ್ಲ ಗುಂಪುಗಳೂ ಒಂದಾದವು, ಹೆಂಗಸರಿಗೂ ವೇದಿಕೆ ಸಿಕ್ಕಿತು.

ನೀವು ಎಂಟು ಜನ. ಸಂಘ ನೋಂದಾಯಿಸಲು ಏಳು ಸಾಕು ಎಂದು ಮೇಲೆ ಹೇಳಿದ್ದೇನೆ. ಅಷ್ಟು ದೂರ ಹೋಗಲು ಮನಸ್ಸಿಲ್ಲದಿದ್ದರೆ ಖಜಾಂಚಿ ಹುದ್ದೆಯನ್ನು ಕೇಳಿ. ಬೇಸರದ ಕೆಲಸವೆಂದು ಗಂಡಸರು ಸಂತೋಷದಿಂದ ಬಿಟ್ಟುಕೊಡುತ್ತಾರೆ. ಆಮೇಲೆ ನಿಮ್ಮ ಸಹಿ ಇಲ್ಲದೆ ಯಾವ ಕಲಾವಿದರೂ ಬರುವುದಿಲ್ಲ. ನಾನು ಈ ಹುದ್ದೆಗೆ ಬಂದದ್ದು ಹೀಗೆಯೇ.

*

ಎಲ್ಲ ಅಚ್ಚುಕಟ್ಟಾಗಿ ಮಾಡುತ್ತೇವೆ, ಆದರೆ ಕೇಳುವವರು ಅದೇ ಅರವತ್ತು ಜನ, ಅದೇ ತಲೆಗಳು. ಬೀದಿಯ ಆ ಕಡೆಯ ಓಣಿಯವರು ಒಬ್ಬರೂ ಬರುವುದಿಲ್ಲ. ಅವರಿಗೆ ಅಭಿರುಚಿ ಇಲ್ಲವೇ?
— ಓದುಗರು, ಬೆಳಗಾವಿ

ನೀವು ಆ ಓಣಿಗೆ ಎಷ್ಟು ಸಲ ಹೋಗಿದ್ದೀರಿ? ಅಭಿರುಚಿಯ ಪ್ರಶ್ನೆ ಆಮೇಲೆ.

ಚೆನ್ನೈಯಲ್ಲಿ ಬೆಸೆಂಟ್ ನಗರದ ಪಕ್ಕ ಊರೂರ್ ಆಲ್ಕಾಟ್ ಕುಪ್ಪಂ ಎಂಬ ಮೀನುಗಾರರ ಹಳ್ಳಿಯಿದೆ. 2015ರಲ್ಲಿ ಗಾಯಕ ಟಿ.ಎಂ. ಕೃಷ್ಣ, ಪರಿಸರ ಹೋರಾಟಗಾರ ನಿತ್ಯಾನಂದ ಜಯರಾಮನ್ ಮತ್ತು ಗೆಳೆಯರು ಅಲ್ಲಿಯ ಜನರೊಡನೆ ಸೇರಿ ಒಂದು ಹಬ್ಬ ಶುರು ಮಾಡಿದರು. ಸಭಾ ಎಂದು ಕರೆಯುವ ನಗರದ ಸಂಗೀತ ಸಂಸ್ಥೆಗಳ ಕರ್ನಾಟಕ ಸಂಗೀತ, ಭರತನಾಟ್ಯ ಹಳ್ಳಿಯೊಳಗೆ ಬಂತು. ಅದೇ ವೇದಿಕೆಯ ಮೇಲೆ ತಮಟೆಯಂಥ ಪರೈ ವಾದ್ಯವೂ ವಿಲ್ಲುಪಾಟ್ಟು ಎಂಬ ಜನಪದ ಕಥನ ಗಾಯನವೂ ಬಂದವು. ಸ್ವಯಂಸೇವಕರೇ ನಡೆಸಿದರು. ಹಳ್ಳಿಗೆ ಸಂಸ್ಕೃತಿ ಕೊಡಲು ಹೊರಟಿದ್ದಾರೆ ಎಂದು ಟೀಕಿಸಿದವರೂ ಇದ್ದರು, ಆ ಟೀಕೆಯನ್ನೂ ಕಿವಿಗೆ ಹಾಕಿಕೊಳ್ಳಬೇಕು. ನನಗೆ ಅಲ್ಲಿ ಹಿಡಿಸಿದ್ದು ಸರಳ ಸಂಗತಿ: ಸಭಾಕ್ಕೆ ಎಂದೂ ಹೋಗದವರನ್ನು ಸಭಾಕ್ಕೆ ಕರೆಯಲಿಲ್ಲ, ಕಛೇರಿಯನ್ನೇ ಎತ್ತಿಕೊಂಡು ಹೋದರು.

ಬೆಳಗಾವಿಯ ಸುತ್ತ ಏನಿಲ್ಲ? ಕರಡಿ ಮಜಲಿನ ವಾದ್ಯಮೇಳ, ಚೌಡಕಿ ಪದ, ಗೀಗೀ ಪದ, ಸಣ್ಣಾಟ, ಪ್ರತಿ ಓಣಿಯಲ್ಲೂ ಒಂದು ಭಜನಾ ಮೇಳ. ಆದರೆ ಅವರನ್ನು ಉದ್ಘಾಟನೆಯ ಮೆರವಣಿಗೆಗೆ ಕರೆದು, ಗಣ್ಯರ ಮುಂದೆ ಬಾರಿಸಿ, “ಇನ್ನು ಮುಖ್ಯ ಕಾರ್ಯಕ್ರಮ” ಎಂದು ಕಳುಹಿಸಿಬಿಡುವುದು ನಮ್ಮ ಕೆಟ್ಟ ಚಾಳಿ. ಮೆರವಣಿಗೆಯಲ್ಲ, ವೇದಿಕೆ ಕೊಡಿ. ಒಂದು ಗಂಟೆ ಕೊಡಿ, ಸಂಜೆ ಏಳರ ಒಳ್ಳೆಯ ಹೊತ್ತು ಕೊಡಿ, ಶಾಸ್ತ್ರೀಯ ಗಾಯಕರಿಗೆ ಹಾಕಿದ್ದೇ ಮಾನಿಟರ್ ಸ್ಪೀಕರ್ ಅವರಿಗೂ ಹಾಕಿ. ಸಂಭಾವನೆ ತಲಾ ಲೆಕ್ಕದಲ್ಲಿ ಹಿಡಿದರೆ ಹನ್ನೆರಡು ಜನರ ಮೇಳಕ್ಕೆ ಒಬ್ಬ ಗಾಯಕರಿಗಿಂತ ಹೆಚ್ಚಾಗುತ್ತದೆ. ಆಗಲಿ. ಆ ಮೇಳದ ಹಿಂದೆ ಅವರ ಓಣಿಯೇ ಬರುತ್ತದೆ. ಬಂದವರಲ್ಲಿ ಅರ್ಧ ಜನ ಮುಂದಿನ ಕಛೇರಿಗೂ ಕೂರುತ್ತಾರೆ, ಅರ್ಧ ಜನ ಎದ್ದು ಹೋಗುತ್ತಾರೆ. ನಿಮ್ಮ ಅರವತ್ತು ಜನರಲ್ಲೂ ಕೆಲವರು ಕರಡಿ ಮಜಲಿಗೆ ಎದ್ದು ಹೋಗುತ್ತಾರೆ ನೋಡಿ. ಅವರ ಅಭಿರುಚಿಯ ಬಗ್ಗೆಯೂ ನನಗೊಂದು ಪತ್ರ ಬರೆಯಿರಿ.

*

ಟಿಕೆಟ್ ಇಟ್ಟರೆ ಜಿ.ಎಸ್.ಟಿ. ಬೀಳುತ್ತದೆಯೇ?
— ಓದುಗರು, ಉಡುಪಿ

ಸಂಗೀತ, ನೃತ್ಯ, ನಾಟಕ ಪ್ರದರ್ಶನಗಳಿಗೆ ಒಬ್ಬರಿಗೆ 500 ರೂಪಾಯಿವರೆಗಿನ ಪ್ರವೇಶ ದರಕ್ಕೆ ವಿನಾಯಿತಿ ಇದೆ. ಐನೂರಕ್ಕಿಂತ ಹೆಚ್ಚು ಇಡುವ ಯೋಚನೆ ಇದ್ದರೆ ನಿಮ್ಮ ಊರಿನ ಲೆಕ್ಕ ಪರಿಶೋಧಕರನ್ನು ಕೇಳಿ. ನಾನಂತೂ ಟಿಕೆಟ್ಟಿಗಿಂತ ಬಾಗಿಲಲ್ಲಿ ಡಬ್ಬಿ ಇಡುವವಳು. ಡಬ್ಬಿಯ ಪಕ್ಕ ಈ ವರ್ಷದ ಖರ್ಚಿನ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಅಂಟಿಸಿ. ಲೆಕ್ಕ ಓದಿದವರ ಕೈ ಜೇಬಿಗೆ ಹೋಗುತ್ತದೆ.

*

ಚಿತ್ರ ಬರೆಯುವವನು ನಾನು. ಸಂಗೀತೋತ್ಸವದವರು ಚಪ್ಪರದ ಮೂಲೆಯಲ್ಲಿ ಚಿತ್ರ ತೂಗುಹಾಕಿ ಎಂದು ಕರೆಯುತ್ತಾರೆ. ಯಾರೂ ನೋಡುವುದಿಲ್ಲ.
— ಓದುಗರು, ಕಲಬುರಗಿ

ಊಟದ ಸಾಲು ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಕೇಳಿ, ಆ ಗೋಡೆಯನ್ನು ಹಿಡಿಯಿರಿ. ತಮಾಷೆಯಲ್ಲ. ಜನ ಸುಮ್ಮನೆ ನಿಂತಿರುವ ಜಾಗ ಉತ್ಸವದಲ್ಲಿ ಅದೊಂದೇ. ಬೆಲೆಯ ಚೀಟಿ ಅಂಟಿಸಲು ನಾಚಬೇಡಿ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನವರು 2003ರಿಂದ ಕುಮಾರಕೃಪಾ ರಸ್ತೆಯಲ್ಲೇ ಚಿತ್ರಸಂತೆ ನಡೆಸುತ್ತಿದ್ದಾರೆ. ಅಲ್ಲಿ ಚಿತ್ರ ಬರೆದವರೇ ಬೀದಿಯಲ್ಲಿ ನಿಂತು ಚೌಕಾಶಿ ಮಾಡಿ ಮಾರುತ್ತಾರೆ. ಉತ್ಸವದವರು ನಿಮ್ಮ ಮಾರಾಟದಲ್ಲಿ ಪಾಲು ಕೇಳಿದರೆ, ಅವರ ದೇಣಿಗೆಯಲ್ಲಿ ನೀವೂ ಪಾಲು ಕೇಳಿ.

*

ನಮ್ಮ ಸಮಿತಿಯ ಹಿರಿಯರು ಇಪ್ಪತ್ತೈದು ವರ್ಷಗಳಿಂದ ಅದೇ ಹುದ್ದೆಗಳಲ್ಲಿದ್ದಾರೆ. “ಹುಡುಗರು ಮುಂದೆ ಬರುತ್ತಿಲ್ಲ” ಎನ್ನುತ್ತಾರೆ. ಬಂದರೆ ನಮಗೆ ಕೊಡುವುದು ಪಾರ್ಕಿಂಗ್ ಮತ್ತು ನೀರಿನ ಲೋಟ.
— ಓದುಗರು, ಮೈಸೂರು

ಇಪ್ಪತ್ತೈದು ವರ್ಷ ಊರ ಹಬ್ಬ ನಡೆಸಿದವರನ್ನು ಹಗುರವಾಗಿ ಮಾತಾಡಬೇಡಿ. ಅವರ ಬಳಿ ಯಾವ ವಿದ್ವಾಂಸರಿಗೆ ಯಾವ ಶ್ರುತಿ, ಯಾರಿಗೆ ಕಾಫಿ ಬೇಡ, ಯಾವ ಶಾಮಿಯಾನದವರ ಮಾತು ನಂಬಬಹುದು ಎಂಬುದೆಲ್ಲ ಇದೆ, ಮತ್ತು ಯಾವುದೂ ಕಾಗದದ ಮೇಲಿಲ್ಲ. ಮೊದಲು ಒಂದು ನೋಟ್ ಪುಸ್ತಕ ಹಿಡಿದು ಅವರ ಮನೆಗೆ ಹೋಗಿ, ಅದನ್ನೆಲ್ಲ ಬರೆದುಕೊಳ್ಳಿ.

ಆಮೇಲೆ ಕೇಳಿ. ಪೂರ್ತಿ ಉತ್ಸವವನ್ನಲ್ಲ, ಒಂದು ಸಂಜೆಯನ್ನು: ಕಲಾವಿದರ ಆಯ್ಕೆ, ಹಣ, ವೇದಿಕೆ, ಎಲ್ಲವೂ ನಿಮ್ಮದೇ. ಹಿರಿಯರು ಆ ಸಂಜೆ ಬಂದು ಕೂರಬೇಕು, ಮಿಕ್ಸರ್ ಬಳಿ ಸುಳಿಯಬಾರದು. ಬ್ಯಾಂಕಿನಲ್ಲಿ ಮೂರು ವರ್ಷಕ್ಕೊಮ್ಮೆ ನಮ್ಮನ್ನು ಎತ್ತಿ ಬೇರೆ ಊರಿಗೆ ಹಾಕುತ್ತಿದ್ದರು. ಆಗ ಶಪಿಸುತ್ತಿದ್ದೆ. ಆದರೆ ಎತ್ತಂಗಡಿ ಇದ್ದದ್ದರಿಂದಲೇ ಪ್ರತಿ ಶಾಖೆಯಲ್ಲೂ ಕೀಲಿಕೈ ಎಲ್ಲಿದೆ ಎಂದು ಇಬ್ಬರಿಗಾದರೂ ಗೊತ್ತಿರುತ್ತಿತ್ತು. ನಮ್ಮ ಉತ್ಸವದಲ್ಲೂ ಆ ಪದ್ಧತಿ ತಂದಿದ್ದೇವೆ, ಮೂರು ವರ್ಷಕ್ಕೆ ಹುದ್ದೆ ಬದಲು. ನನ್ನ ಮೂರನೆಯ ವರ್ಷ ಈ ಮಾರ್ಚಿಗೆ ಮುಗಿಯುತ್ತದೆ. ಮುಂದೆ ಪಾರ್ಕಿಂಗ್ ನೋಡಿಕೊಳ್ಳಲು ಹೇಳಿದ್ದಾರೆ.